ಅಣಬೆ ಚಿತ್ರದ ಅಂಚೆಚೀಟಿ: ಆಯ್ಕೆಯಿಂದ ಆಟಿಯ ಮಳೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನಲ್ಲಿ ಅಣಬೆ ಚೀಟಿ ಕೂಡಿಸುವವರಿಗೆ ಎರಡು ಬಗೆಯ ಶಿಲೀಂಧ್ರದ ಜತೆ ವ್ಯವಹಾರ. ಒಂದು ಚೀಟಿಯ ಮೇಲಿನ ಚಿತ್ರ, ದುಡ್ಡು ಕೊಟ್ಟು ತರಿಸುವಂಥದ್ದು. ಇನ್ನೊಂದು ಬೂಷ್ಟು, ಕರೆಯದೆ ಬಂದು ಆ ಚೀಟಿಯನ್ನೇ ತಿನ್ನುವಂಥದ್ದು. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿಗೆ ಒಣ ಹವೆಯ ದೇಶಗಳವರು ಬರೆದ ಸಲಹೆ ಅರ್ಧಕ್ಕರ್ಧ ಒಗ್ಗುವುದಿಲ್ಲ. ಹಾಗಾಗಿ ಇಲ್ಲಿ ಕೊಳ್ಳುವುದಕ್ಕೆ ಎಷ್ಟು ಜಾಗವೋ ಕಾಪಾಡುವುದಕ್ಕೂ ಅಷ್ಟೇ ಜಾಗ ಕೊಟ್ಟಿದೆ.

ಮೊದಲು ಬೇಲಿ ಹಾಕಿ

ಅಣಬೆ ಚಿತ್ರ ಇರುವ ಚೀಟಿಗಳು ಜಗತ್ತಿನಲ್ಲಿ ಸಾವಿರಗಟ್ಟಲೆ ಇವೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಲು ಹೊರಟರೆ ಎರಡೇ ವರ್ಷದಲ್ಲಿ ಆಸಕ್ತಿ ಸೋರಿಹೋಗುತ್ತದೆ. ಕೊಳ್ಳುವ ಮೊದಲೇ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ.

ಕಾಡಿನ ಅಣಬೆ ಮಾತ್ರವೋ, ಬೆಳೆಸುವ ಅಣಬೆಯೂ ಸೇರಲಿಯೋ? ಖಾದ್ಯ ಅಣಬೆ ಕೃಷಿಯ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆಂದು ಜಪಾನ್ 1974ರಲ್ಲಿ ಶಿಟಾಕೆಯ ಚೀಟಿ ಹೊರಡಿಸಿತು. ಕಾಡಿನ ಅಣಬೆ ಮಾತ್ರ ಎಂದುಕೊಂಡವರಿಗೆ ಅದು ಬೇಲಿಯ ಆಚೆ. ಚೀನಾದ 1981ರ ಆರು ಚೀಟಿಗಳ ಸೆಟ್ಟು ಇನ್ನೂ ತೊಡಕಿನದು. ಬಲೆಯ ಲಂಗ ತೊಟ್ಟಂತಿರುವ ಡಿಕ್ಟಿಯೋಫೋರ ಇಂಡುಸಿಯಾಟವೂ ಪೇಟೆಯಲ್ಲಿ ಸಿಗುವ ಬಟನ್ ಅಣಬೆಯೂ ಅದರಲ್ಲಿ ಒಟ್ಟಿಗೇ ಇವೆ. ಸೆಟ್ಟು ಒಡೆಯುವುದೋ ಬೇಡವೋ ಎಂಬುದನ್ನು ನೀವೇ ನಿರ್ಧರಿಸಬೇಕು. ಒಡೆಯದೆ ಇಟ್ಟುಕೊಂಡು, ಯಾಕೆ ಇಟ್ಟಿದ್ದೀರಿ ಎಂದು ಪುಟದಲ್ಲಿ ಒಂದು ಸಾಲು ಬರೆಯುವುದು ಒಳ್ಳೆಯದು.

ಎರಡನೆಯದು, ಅಣಬೆಯೇ ಚೀಟಿಯ ಮುಖ್ಯ ವಿಷಯವಾಗಿರಬೇಕೋ, ಅಳಿಲಿನ ಕಾಲ ಬುಡದಲ್ಲಿ ಒಂದು ಕೊಡೆ ಇಣುಕಿದರೂ ಸಾಕೋ? ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯ ಅಮನೀಟ ಮಸ್ಕೇರಿಯ ಯುರೋಪಿನ ಮಕ್ಕಳ ಕಥೆ, ಕ್ರಿಸ್‌ಮಸ್, ಹೊಸವರ್ಷದ ಚೀಟಿಗಳಲ್ಲೆಲ್ಲ ನುಸುಳಿರುತ್ತದೆ. ಅವನ್ನೂ ಬಿಟ್ಟುಕೊಂಡರೆ ಸಂಗ್ರಹಕ್ಕೆ ಅಂತ್ಯವಿಲ್ಲ.

ಮೂರನೆಯದು ಕಾಲ. ಹೊಸಬರು ಮೊದಲ ವರ್ಷ 1958ರಿಂದ 1980ರ ನಡುವೆಯೇ ನಿಲ್ಲುವುದು ಲೇಸು. ಅಣಬೆಯನ್ನೇ ವಿಷಯವಾಗಿಸಿಕೊಂಡ ಸೆಟ್ಟುಗಳ ಸಾಲು 1958ರಲ್ಲಿ ರೊಮೇನಿಯಾದ ಹತ್ತು ಮತ್ತು ಚೆಕೊಸ್ಲೊವಾಕಿಯಾದ ಐದು ಚೀಟಿಗಳಿಂದ ಜೋರಾಗುತ್ತದೆ. 1959ರಲ್ಲಿ ಪೋಲೆಂಡಿನ ಎಂಟು, 1961ರಲ್ಲಿ ಬಲ್ಗೇರಿಯಾದ ಎಂಟು, 1964ರಲ್ಲಿ ಸೋವಿಯತ್ ಒಕ್ಕೂಟದ ಐದು, 1974ರಲ್ಲಿ ಪೂರ್ವ ಜರ್ಮನಿಯ ವಿಷದ ಅಣಬೆಗಳು ಎಂಟು, 1980ರಲ್ಲಿ ಅದೇ ದೇಶದ ತಿನ್ನುವ ಅಣಬೆಗಳು ಆರು. ಇಷ್ಟಕ್ಕೇ 50 ಚೀಟಿ ಆಯಿತು. ಇವೆಲ್ಲ ಕ್ಯಾಟಲಾಗಿನಲ್ಲಿ, ಅಂದರೆ ಚೀಟಿಗಳ ಸಂಖ್ಯೆ-ಬೆಲೆ ಪಟ್ಟಿಮಾಡಿದ ಪುಸ್ತಕದಲ್ಲಿ, ದಾಖಲಾದವು, ಈಗಲೂ ಕೈಗೆಟಕುವ ಬೆಲೆಯವು. ಚಿತ್ರಗಳನ್ನಂತೂ ಭೂತಗನ್ನಡಿ ಹಿಡಿದು ನೋಡಬೇಕು.

ನಮ್ಮ ಕಡೆಯವರು ಈ ಸಾಲಿಗೆ ಮಧ್ಯ ಆಫ್ರಿಕಾ ಗಣರಾಜ್ಯದ 1967ರ ಐದು ಚೀಟಿಗಳನ್ನೂ ಸೇರಿಸಿಕೊಳ್ಳಬೇಕು. ಅದರಲ್ಲೊಂದು ಟರ್ಮಿಟೋಮೈಸೀಸ್ ಕುಲದ್ದು. ಮೊದಲ ಗುಡುಗು ಮಳೆಗೆ ಗೆದ್ದಲ ಹುತ್ತದ ಬದಿಯಲ್ಲಿ ಏಳುತ್ತದಲ್ಲ, ಆ ಹುತ್ತದಣಬೆಯ ದಾಯಾದಿ. ಯುರೋಪಿನ ಅಣಬೆಗಳ ನಡುವೆ ಅದೊಂದು ಪರಿಚಿತ ಮುಖ.

ಸಲಕರಣೆ

ಚಪ್ಪಟೆ ತುದಿಯ ಚಿಮುಟ ಒಂದು. ಔಷಧಿ ಅಂಗಡಿಯ ಹಲ್ಲಿರುವ ಚಿಮುಟ ಬೇಡ, ಅದು ಕಾಗದದಲ್ಲಿ ಗೀರು ಉಳಿಸುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಹಲ್ಲಳತೆಯ ಪಟ್ಟಿ, 16 ಪುಟದ ಒಂದು ಸ್ಟಾಕ್‌ಬುಕ್ (ಚೀಟಿ ಸಿಕ್ಕಿಸಿಡುವ ಪಟ್ಟಿಗಳ ಪುಸ್ತಕ). ಚೀಟಿಯ ಅಂಚಿನಲ್ಲಿ ಎರಡು ಸೆಂಟಿಮೀಟರಿನೊಳಗೆ ಎಷ್ಟು ಹಲ್ಲು ಬರುತ್ತವೆ ಎಂಬುದೇ ಹಲ್ಲಳತೆ. ಒಂದೇ ಚಿತ್ರ ಎರಡು ಹಲ್ಲಳತೆಯಲ್ಲಿ ಬಂದಿದ್ದರೆ ಕ್ಯಾಟಲಾಗು ಎರಡಕ್ಕೂ ಬೇರೆ ಬೆಲೆ ಕಟ್ಟುತ್ತದೆ.

ಸ್ಟೇಷನರಿ ಅಂಗಡಿಯ ಪಿವಿಸಿ ಕವರು ಮಾತ್ರ ಬೇಡವೇ ಬೇಡ. ಪಿವಿಸಿಯನ್ನು ಮೆದುಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ಸೆಕೆಗೆ ಹೊರಗೆ ಜಿನುಗಿ ಚೀಟಿಯ ಶಾಯಿಯನ್ನು ಎಳೆದುಕೊಳ್ಳುತ್ತದೆ. ಕೆಲವು ವರ್ಷದ ಬಳಿಕ ಅಣಬೆಯ ಅರ್ಧ ಚಿತ್ರ ಪ್ಲಾಸ್ಟಿಕ್ಕಿನ ಮೇಲೆಯೇ ಉಳಿಯುತ್ತದೆ. ಮೂಸಿ ನೋಡಿ. ಹೊಸ ರೈನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಆದರೆ ವಾಸನೆ ಇರುವುದಿಲ್ಲ. ಅಂಟುಗೆರೆ ಇರುವ ಫೋಟೋ ಆಲ್ಬಮ್, ಸೆಲ್ಲೋಟೇಪು, ಫೆವಿಕಾಲ್ ಇವುಗಳ ಮಾತು ಎತ್ತುವುದೇ ಬೇಡ.

ಕೊಳ್ಳುವಾಗ

ಚೀಟಿಗಳು ಮೂರು ಸ್ಥಿತಿಯಲ್ಲಿ ಸಿಗುತ್ತವೆ. ಹಿಂದೆ ಗೋಂದು ಹಾಗೆಯೇ ಇರುವ ಹೊಸ ಚೀಟಿ. ಪತ್ರದ ಮೇಲೆ ಓಡಾಡಿ ಠಸ್ಸೆ ಬಿದ್ದ ಬಳಸಿದ ಚೀಟಿ. ಅಂಚೆಗೆ ಹಾಕದೆಯೇ ಮುದ್ರಣಾಲಯದಲ್ಲಿ ಠಸ್ಸೆ ಹೊಡೆಸಿಕೊಂಡ ಚೀಟಿ. ಮೂರನೆಯದನ್ನು ಪತ್ತೆ ಹಚ್ಚುವುದು ಸುಲಭ. ತಿರುಗಿಸಿದರೆ ಪೂರ್ತಿ ಗೋಂದು ಇರುತ್ತದೆ, ಮುಂದೆ ಒಂದೇ ಮೂಲೆಯಲ್ಲಿ ಅಳೆದು ಇಟ್ಟಂತೆ ಕಾಲು ವೃತ್ತದ ಠಸ್ಸೆ. 'ನೂರು ಬಗೆಯ ಅಣಬೆ' ಎಂದು ಮಾರುವ ಪೊಟ್ಟಣಗಳಲ್ಲಿ ಹೆಚ್ಚಿನವು ಇಂಥವೇ. ಕಲಿಯಲು, ಮಕ್ಕಳಿಗೆ ಕೊಡಲು ಧಾರಾಳ ಸಾಕು, ಆದರೆ ಮರಳಿ ಮಾರಲು ಹೋದರೆ ಕೇಳುವವರಿಲ್ಲ.

ಸೋವಿಯತ್ 1964ರ ಸೆಟ್ಟಿನಲ್ಲಿ ಒಂದು ಗುಟ್ಟಿದೆ. ಅದೇ ಐದು ಚೀಟಿಗಳು ಸಾದಾ ಕಾಗದದಲ್ಲೂ ಬಂದಿವೆ, ಚಿತ್ರದ ಮೇಲೆ ಮೆರುಗೆಣ್ಣೆ ಬಳಿದೂ ಬಂದಿವೆ. ಕಿಟಕಿಯ ಬಳಿ ಚೀಟಿಯನ್ನು ಓರೆಯಾಗಿ ಹಿಡಿದು ನೋಡಿ. ಮೆರುಗಿನದ್ದಾದರೆ ಬೆಳಕು ಚಿತ್ರದ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಫೋಟೋ ನೋಡಿ ಕೊಳ್ಳುವಾಗ ಇದು ಗೊತ್ತಾಗುವುದಿಲ್ಲ. ಓರೆ ಹಿಡಿದು ತೆಗೆದ ಇನ್ನೊಂದು ಫೋಟೋ ಕಳಿಸಲು ಮಾರುವವರನ್ನು ಕೇಳಿ. ಭೂತಾನ್ 1973ರಲ್ಲಿ ಹೊರಡಿಸಿದ ಮೂರು ಆಯಾಮದ ಅಣಬೆ ಚೀಟಿಗಳು ಇನ್ನೂ ವಿಚಿತ್ರ. ಮೇಲ್ಮೈ ಗೆರೆಗೆರೆಯ ಪ್ಲಾಸ್ಟಿಕ್ಕಿನದು, ಓರೆ ಮಾಡಿದಂತೆ ಅಣಬೆ ಮುಂದೆ ಬಂದಂತೆ ಕಾಣುತ್ತದೆ. ಕೊಳ್ಳುವಾಗ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಇದೆಯೇ, ಮೂಲೆ ಎದ್ದಿದೆಯೇ ನೋಡಿ.

ಪೂರ್ವ ಜರ್ಮನಿಯವರು ಆ ಕಾಲದಲ್ಲಿ ಎಷ್ಟೋ ಸೆಟ್ಟುಗಳಲ್ಲಿ ಒಂದು ಮುಖಬೆಲೆಯ ಚೀಟಿಯನ್ನು ಬೇಕೆಂದೇ ಕಡಿಮೆ ಮಾರುತ್ತಿದ್ದರು. ಬಿಡಿಬಿಡಿಯಾಗಿ ಕೂಡಿಸುತ್ತ ಹೋದರೆ ಆ ಒಂದು ಚೀಟಿಗೆ ಸಿಕ್ಕಿಬೀಳುತ್ತೀರಿ. ಆ ದೇಶದ್ದನ್ನು ಇಡೀ ಸೆಟ್ಟಾಗಿಯೇ ಕೊಂಡರೆ ಅಗ್ಗ.

ಇನ್ನು ಬೋಗಸ್ ಚೀಟಿಗಳು. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಮೊರ್ಡೋವಿಯಾ, ಕಲ್ಮೀಕಿಯಾದಂಥ ಪ್ರಾಂತಗಳ ಹೆಸರಿನಲ್ಲಿ ಖಾಸಗಿಯವರು ಮನಬಂದಂತೆ ಚೀಟಿ ಅಚ್ಚು ಹಾಕಿದರು. ಅವುಗಳಲ್ಲಿ ಅಣಬೆಗೆ ಬಲು ಬೇಡಿಕೆ. ಆಮೇಲೆ ಆಫ್ರಿಕಾದ ನಿಜ ದೇಶಗಳ ಹೆಸರನ್ನೇ ಕದ್ದು ಅಚ್ಚು ಹಾಕಿದವೂ ಬಂದವು. ಅಣಬೆಯ ಪಕ್ಕದಲ್ಲಿ ಸ್ಕೌಟ್ ಲಾಂಛನ, ಮೇಲೊಂದು ಚಿಟ್ಟೆ, ಮೂಲೆಯಲ್ಲಿ ಗೂಬೆ ಹೀಗೆ ನಾಲ್ಕು ಬಗೆಯ ಸಂಗ್ರಾಹಕರನ್ನು ಒಂದೇ ಹಾಳೆಯಲ್ಲಿ ಹಿಡಿಯಲು ನೋಡಿದ್ದರೆ ಅನುಮಾನ ಪಡಿ. 2002ರಿಂದೀಚಿನ ಚೀಟಿಗಳಿಗೆ ವಿಶ್ವ ಅಂಚೆ ಒಕ್ಕೂಟದ ಸಹಯೋಗದ ಡಬ್ಲ್ಯೂಎನ್‌ಎಸ್ (ಅಧಿಕೃತ ಚೀಟಿಗಳಿಗೆ ಸಂಖ್ಯೆ ಕೊಡುವ ವ್ಯವಸ್ಥೆ) ದಾಖಲೆ ಇದೆ. ಅಲ್ಲಿ ಇದ್ದರೆ ಅಸಲಿ. ಇಲ್ಲದಿದ್ದರೆ ನಕಲಿ ಎಂದು ತೀರ್ಮಾನಿಸಬೇಡಿ, ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ. ಆಗ ಮಿಕೆಲ್, ಸ್ಕಾಟ್ ಅಥವಾ ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನಲ್ಲಿ ಸಂಖ್ಯೆ ಹುಡುಕಿ. ಮೂರರದ್ದೂ ಬೇರೆ ಬೇರೆ ಸಂಖ್ಯೆ. ಯಾವುದನ್ನು ಬಳಸುತ್ತೀರೋ ಅದನ್ನೇ ಕೊನೆತನಕ ಬಳಸಿ. ಕ್ಯಾಟಲಾಗಿನ ಬೆಲೆ ಮಾರುಕಟ್ಟೆಯ ಬೆಲೆಯಲ್ಲ. ಈ ವಿಷಯದ ಸಾಮಾನ್ಯ ಸೆಟ್ಟುಗಳು ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ.

ಕಾಸರಗೋಡಿನವರಿಗೆ ದೊಡ್ಡ ಅನುಕೂಲವೆಂದರೆ ಮನೆಗೊಬ್ಬರಂತೆ ಹೊರದೇಶದಲ್ಲಿರುವ ನೆಂಟರು. ದುಬೈಯ ಭಾವನಿಗೋ ಜರ್ಮನಿಯಲ್ಲಿ ಓದುವ ಸೋದರಳಿಯನಿಗೋ ಹೇಳುವಾಗ ಚೀಟಿ ಕಿತ್ತು ಕಳಿಸಬೇಡಿ ಎನ್ನಿ. ಲಕೋಟೆಯ ಸಮೇತ ಬರಲಿ. ಕಿತ್ತ ಚೀಟಿಯ ಬೆನ್ನು ತೆಳುವಾಗಿರುತ್ತದೆ, ಬೆಳಕಿಗೆ ಹಿಡಿದರೆ ಅಲ್ಲಿ ಕಿಟಕಿ ತೆರೆದಂತೆ ಕಾಣುತ್ತದೆ. ಅದಕ್ಕೆ ಬೆಲೆ ಇಲ್ಲ. ಭಾರತದ ಹೊಸ ಚೀಟಿಗಳಿಗೆ ಅಂಚೆ ಇಲಾಖೆಯಲ್ಲಿ 200 ರೂಪಾಯಿ ಠೇವಣಿಯಿಟ್ಟು ಫಿಲಾಟೆಲಿ (ಚೀಟಿ ಸಂಗ್ರಹದ) ಖಾತೆ ತೆರೆದರೆ ಮನೆಗೇ ಬರುತ್ತವೆ. ನೀವೇ ತೆಗೆದ ಅಣಬೆಯ ಫೋಟೋವನ್ನು 'ಮೈ ಸ್ಟಾಂಪ್' ಯೋಜನೆಯಲ್ಲಿ ಹಾಕಿಸಬಹುದು. ಚಂದವೇ, ಆದರೆ ಅದನ್ನು ಬೇರೆ ಪುಟದಲ್ಲಿಡಿ.

ಲಕೋಟೆಯಿಂದ ಬಿಡಿಸುವುದು

ಚೀಟಿಯ ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ. ಕೆಂಪು, ನೀಲಿ ಲಕೋಟೆಯ ತುಂಡುಗಳನ್ನು ಬೇರೆ ಪಾತ್ರೆಗೆ ಹಾಕಿ, ಬಣ್ಣ ಬಿಟ್ಟರೆ ಬಿಳಿ ಚೀಟಿಗಳೆಲ್ಲ ಹಾಳು. ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಎರಡು ಬೆರಳಷ್ಟು ಸಾಕು. ಬಾವಿ ನೀರು ನಿಂತಾಗ ಕೆಂಪು ಗಸಿ ಕೂರುತ್ತದೆಯಾದರೆ ಅದರಲ್ಲಿ ಕಬ್ಬಿಣದಂಶ ಇದೆ, ಸೋಸಿದ ನೀರೇ ಬಳಸಿ. ಚಿತ್ರ ಮೇಲಾಗಿ ತೇಲಿಬಿಡಿ. 15ರಿಂದ 20 ನಿಮಿಷದಲ್ಲಿ ಚೀಟಿ ತಾನಾಗಿ ಜಾರುತ್ತದೆ. ಜಾರದಿದ್ದರೆ ಇನ್ನೂ ಹತ್ತು ನಿಮಿಷ ಕಾಯಿರಿ, ಎಳೆಯಬೇಡಿ. ಬೆನ್ನನ್ನು ಬೆರಳಿನಿಂದ ಮುಟ್ಟಿ. ಲೋಳೆ ಹತ್ತಿದರೆ ಗೋಂದು ಉಳಿದಿದೆ ಎಂದರ್ಥ, ಹೊಸ ನೀರಿನಲ್ಲಿ ಇನ್ನೊಮ್ಮೆ ಅದ್ದಿ. ಆ ಲೋಳೆಯೇ ಮುಂದೆ ಬೂಷ್ಟಿಗೆ ಊಟ.

ನೀರಿಗೆ ಹಾಕಬಾರದವು: ಮೆರುಗೆಣ್ಣೆಯ ಸೋವಿಯತ್ ಚೀಟಿ, ಭೂತಾನಿನ ಪ್ಲಾಸ್ಟಿಕ್ ಚೀಟಿ, ಈಚಿನ ಸ್ಟಿಕ್ಕರಿನಂಥ ಚೀಟಿಗಳು. ಸ್ಟಿಕ್ಕರಿನವುಗಳಲ್ಲಿ ಬಹಳಷ್ಟಕ್ಕೆ ನೀರಿನಲ್ಲಿ ಕರಗದ ಅಂಟು. ಅವನ್ನು ಸುತ್ತ ಅಂಚು ಬಿಟ್ಟು ಕತ್ತರಿಸಿ ಹಾಗೇ ಇಟ್ಟುಬಿಡಿ. ಹಳೆಯ ಲಕೋಟೆಯ ಮೇಲೆ ಸ್ಪಷ್ಟ ಠಸ್ಸೆಯ ಸಮೇತ ಅಣಬೆ ಚೀಟಿ ಸಿಕ್ಕರೂ ಬಿಡಿಸಬೇಡಿ, ಇಡೀ ಲಕೋಟೆಗೇ ಬೆಲೆ ಹೆಚ್ಚು.

ಒಣಗಿಸಲು ಅಚ್ಚಿಲ್ಲದ ಬಿಳಿ ಕಾಗದದ ಮೇಲೆ ಚಿತ್ರ ಕೆಳಗಾಗಿ ಹರಡಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ. ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಹಗಲು ಒಂದು ರಾತ್ರಿ ಪೂರ್ತಿ ಬೇಕು. ಚೀಟಿ ಸುರುಟಿದರೆ ಹೆದರಬೇಡಿ, ಅದು ಒಣಗಿದ ಲಕ್ಷಣ. ಆಮೇಲೆ ದಪ್ಪ ಪುಸ್ತಕದ ಅಡಿ ಒಂದು ರಾತ್ರಿ. ಒಣಗುವ ಮೊದಲೇ ಪುಸ್ತಕದೊಳಗಿಟ್ಟರೆ ಮೂರನೆಯ ದಿನ ಬೂಷ್ಟು.

ಹೆಸರಿನ ಗೊಂದಲ

ಚೀಟಿಯ ಮೇಲೆ ಅಚ್ಚಾದ ವೈಜ್ಞಾನಿಕ ಹೆಸರು ಇಂದಿನ ಹೆಸರಾಗಿರಬೇಕೆಂದಿಲ್ಲ. ಪೂರ್ವ ಜರ್ಮನಿಯ 1974ರ ಸೆಟ್ಟನ್ನೇ ಹರಡಿಕೊಳ್ಳಿ. 5 ಫೆನ್ನಿಗಿನದರಲ್ಲಿ (ಫೆನ್ನಿಗ್ ಎಂದರೆ ಅಲ್ಲಿನ ಚಿಲ್ಲರೆ ಕಾಸು) ರೋಡೋಫಿಲಸ್ ಸಿನುವಾಟಸ್ ಎಂದಿದೆ, ಈಗ ಅದು ಎಂಟೊಲೋಮ ಸಿನುವಾಟಮ್. 10 ಫೆನ್ನಿಗಿನ ಬೊಲೀಟಸ್ ಸಟಾನಸ್ ಈಗ ರುಬ್ರೊಬೊಲೀಟಸ್ ಸಟಾನಸ್. 30 ಫೆನ್ನಿಗಿನ ಇನೊಸೈಬಿ ಪಟುಯಾರ್ಡಿಯಂತೂ ಕುಲ, ಪ್ರಭೇದ ಎರಡೂ ಬದಲಾಗಿ ಇನೊಸ್ಪರ್ಮ ಎರುಬೆಸೆನ್ಸ್ ಆಗಿದೆ. ಪಟ್ಟಿಯಲ್ಲಿ ಎರಡು ಕಾಲಂ ಇಡಿ: 'ಚೀಟಿಯಲ್ಲಿರುವ ಹೆಸರು', 'ಇಂದಿನ ಹೆಸರು'. ಎರಡನೆಯದಕ್ಕೆ ಇಂಡೆಕ್ಸ್ ಫಂಗೋರಮ್ ಎಂಬ ಶಿಲೀಂಧ್ರ ಹೆಸರುಗಳ ದತ್ತಾಂಶ ನೋಡಿ. ಒಂದೇ ಕಾಲಂ ಇಟ್ಟವರು ಕೊನೆಗೆ ಒಂದೇ ಅಣಬೆಯನ್ನು ಮೂರು ಹೆಸರಲ್ಲಿ ಮೂರು ಪುಟಕ್ಕೆ ಹಂಚಿರುತ್ತಾರೆ.

ಹೆಸರೇ ಇಲ್ಲದ ಚೀಟಿಗಳಿಗೆ ಚಿತ್ರದ ಮೊರೆ ಹೋಗಬೇಕು. ಟೋಪಿಯ ಅಡಿಯಲ್ಲಿ ಗರಿಗಳಿವೆಯೋ ಸ್ಪಂಜಿನಂಥ ತೂತುಗಳೋ, ಕಾಂಡದ ಮೇಲೆ ಬಳೆ ಇದೆಯೋ, ಬುಡದಲ್ಲಿ ಚೀಲ ಇದೆಯೋ, ಪಕ್ಕದಲ್ಲಿ ಯಾವ ಮರದ ಎಲೆ ಬಿಡಿಸಿದ್ದಾರೆ, ಈ ನಾಲ್ಕನ್ನು ಬರೆದುಕೊಳ್ಳಿ. ಕಲಾವಿದರು ತಪ್ಪು ಮಾಡಿದ್ದೂ ಇದೆ, ಆದ್ದರಿಂದ ಖಚಿತವಾಗದಿದ್ದರೆ ಕುಲದ ಹೆಸರಿನಲ್ಲೇ ನಿಲ್ಲಿಸಿ. ಇಷ್ಟಂತೂ ಗಟ್ಟಿಯಾಗಿ ಹೇಳಬೇಕು: ಚೀಟಿ ನೋಡಿ ತೋಟದ ಅಣಬೆ ಕಿತ್ತು ಸಾರು ಮಾಡಬೇಡಿ. ಅಚ್ಚಿನ ಬಣ್ಣಕ್ಕೂ ನಿಜದ ಬಣ್ಣಕ್ಕೂ ಬಹಳ ದೂರ, ಯುರೋಪಿನ ಪ್ರಭೇದವೇ ನಮ್ಮ ತೋಟದಲ್ಲೂ ಇರಬೇಕೆಂದೂ ಇಲ್ಲ.

ಪತ್ತನಾಜೆಯಿಂದ ದೀಪಾವಳಿವರೆಗೆ

ಕಾಗದಕ್ಕೆ ಹಿತವಾದ ಆರ್ದ್ರತೆ ಶೇ. 50ರ ಆಸುಪಾಸು. ಶೇ. 65-70 ದಾಟಿದರೆ ಬೂಷ್ಟು ಚಿಗುರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕೋಣೆಗಳು ವಾರಗಟ್ಟಲೆ ಶೇ. 85ರ ಮೇಲಿರುತ್ತವೆ. ಇಡೀ ಕೋಣೆಯನ್ನು ಒಣಗಿಸುವುದು ಆಗದ ಮಾತು, ಒಂದು ಪೆಟ್ಟಿಗೆಯನ್ನು ಒಣಗಿಸಬಹುದು.

ರಬ್ಬರ್ ಪಟ್ಟಿಯ ಮುಚ್ಚಳವಿರುವ 20 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ಅದರೊಳಗೆ 200 ಗ್ರಾಂ ಸಿಲಿಕಾ ಜೆಲ್ಲನ್ನು ಬಟ್ಟೆಯ ಎರಡು ಚೀಲಗಳಲ್ಲಿ ಕಟ್ಟಿ, ಚೀಟಿಗೆ ತಾಗದಂತೆ ಮೂಲೆಯಲ್ಲಿಡಿ. ಜತೆಗೊಂದು ಸಣ್ಣ ಡಿಜಿಟಲ್ ಆರ್ದ್ರತಾಮಾಪಕ. ಅಗ್ಗದ ಮಾಪಕಗಳು ಸುಳ್ಳು ಹೇಳುತ್ತವೆ, ಪರೀಕ್ಷಿಸಿಯೇ ನಂಬಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ನೀರು ಹನಿಸಿ, ಮಾಪಕದ ಜತೆ ಜಿಪ್ ಚೀಲದಲ್ಲಿ ಎಂಟು ಗಂಟೆ ಮುಚ್ಚಿಡಿ. ಅದು 75 ತೋರಿಸಬೇಕು. 81 ತೋರಿಸಿದರೆ ನಿಮ್ಮ ಮಾಪಕ ಆರು ಹೆಚ್ಚು ಹೇಳುತ್ತಿದೆ, ಅಷ್ಟು ಕಳೆದು ಓದಿ.

ಮೇ ತಿಂಗಳಲ್ಲಿ, ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಮೊದಲೇ, ಆಲ್ಬಮ್‌ಗಳನ್ನು ಬಿಸಿಲು ತಾಗದ ಒಣ ಹಗಲಿನಲ್ಲಿ ಬಿಡಿಸಿ ಗಾಳಿಯಾಡಿಸಿ ಪೆಟ್ಟಿಗೆಗೆ ಸೇರಿಸಿ. ಮಳೆ ಹಿಡಿದ ಮೇಲೆ ಸೇರಿಸಿದರೆ ಕಾಗದ ಆಗಲೇ ಕುಡಿದ ನೀರನ್ನೂ ಒಳಗೇ ಬೀಗ ಹಾಕಿದಂತೆ. ಆಲ್ಬಮ್ಮನ್ನು ನಿಲ್ಲಿಸಿಡಿ. ಒಂದರ ಮೇಲೊಂದು ಒಟ್ಟಿದರೆ ಭಾರಕ್ಕೆ ಗೋಂದು ಪುಟಕ್ಕೆ ಕಚ್ಚುತ್ತದೆ. ಪೆಟ್ಟಿಗೆಯನ್ನು ಹೊರಗೋಡೆಗೆ ಒರಗಿಸಬೇಡಿ, ಗಾರೆ ಮಾಡದ ಮುರಕಲ್ಲಿನ ಗೋಡೆಯಾದರೆ ಇನ್ನೂ ದೂರ. ಒಳಗೋಡೆಯ ಕಪಾಟಿನ ನಡುವಿನ ತಟ್ಟು ಒಳ್ಳೆಯ ಜಾಗ. ಬಚ್ಚಲೊಲೆಯ ಮೇಲಿನ ಅಟ್ಟ ಅಡಕೆಗೆ ಚೆನ್ನ, ಚೀಟಿಗಲ್ಲ. ಹೊಗೆ ಕಾಗದವನ್ನು ಹಳದಿ ಮಾಡುತ್ತದೆ.

ಮಾಪಕ 60 ದಾಟಿದಾಗ ಜೆಲ್ ಬದಲಿಸಿ. ನೆನೆದ ಜೆಲ್ಲನ್ನು ಬಿಸಿಲಿಗಿಟ್ಟರೆ ಪೂರ್ತಿ ಒಣಗುವುದಿಲ್ಲ, ಅದಕ್ಕೆ 110ರಿಂದ 120 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಬೇಕು. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಒವನ್, ಬಾಣಲೆಗಳಿಗೆ ಅದನ್ನು ತರಲೇಬಾರದು. ಬಿಳಿಯದನ್ನು ಇದಕ್ಕೇ ಮೀಸಲಾದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಬಹುದು. ಕೆಲವರು ಅಕ್ಕಿ ಕಟ್ಟಿಡುತ್ತಾರೆ. ಅದು ತೇವ ಹೀರುವುದಕ್ಕಿಂತ ಹುಳ ಕರೆಯುವುದೇ ಹೆಚ್ಚು. ಅತಿ ಒಣಗಿಸುವುದೂ ತಪ್ಪು. ಶೇ. 40ಕ್ಕಿಂತ ಕೆಳಗಿಳಿದರೆ ಗೋಂದು ಬಿಗಿದು ಹೊಸ ಚೀಟಿ ಸುರುಳಿಯಾಗುತ್ತದೆ, ಬಿರಿಯಲೂಬಹುದು. ಆಗ ಒಂದು ಚೀಲ ಹೊರತೆಗೆಯಿರಿ.

ನುಸಿಗುಳಿಗೆಯನ್ನು ಪೆಟ್ಟಿಗೆಯೊಳಗೆ ಹಾಕುವ ರೂಢಿ ಬಿಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುಮಾಡುತ್ತದೆ. ಜಿರಳೆ, ಬೆಳ್ಳಿಹುಳ ಬರುವುದು ಗೋಂದಿನ ಆಸೆಗೆ. ಬಿಗಿ ಮುಚ್ಚಳವೇ ಅವಕ್ಕೆ ಮದ್ದು.

ಇಷ್ಟಾಗಿಯೂ ಬೂಷ್ಟು ಬಂದರೆ? ನಯವಾದ ಬಿಳಿ ಅಥವಾ ಹಸುರು ಹತ್ತಿಯಂತಿದ್ದರೆ ಅದಿನ್ನೂ ಜೀವಂತ. ಆ ಪುಟವನ್ನು ತಕ್ಷಣ ಜಿಪ್ ಚೀಲಕ್ಕೆ ಹಾಕಿ ಬೇರೆ ಮಾಡಿ, ಉಳಿದ ಆಲ್ಬಮ್‌ಗಳ ಬಳಿ ಬಿಚ್ಚಬೇಡಿ. ಎರಡು ದಿನ ಜೆಲ್ಲಿನ ಜತೆ ಒಣಗಿಸಿ, ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲಿ ಮೆತ್ತನೆಯ ಕುಂಚದಿಂದ ಒರೆಸಿ. ಹಸಿ ಇರುವಾಗ ಒರೆಸಿದರೆ ಕಲೆ ಕಾಗದದೊಳಗೆ ಇಳಿಯುತ್ತದೆ. ಪುಟವನ್ನು ಎಸೆಯಿರಿ, ಚೀಟಿಯನ್ನು ಒಂದು ತಿಂಗಳು ಪ್ರತ್ಯೇಕವಾಗಿಡಿ. ಹಲ್ಲುಗಳ ತುದಿಯಲ್ಲಿ ಕಾಣುವ ಕಂದು ತುಕ್ಕುಚುಕ್ಕೆ ಹಳೆಯ ಗಾಯ. ಬ್ಲೀಚು ಹಾಕಿದರೆ ಚುಕ್ಕೆಯ ಜತೆ ಅಮನೀಟದ ಕೆಂಪೂ ಹೋಗುತ್ತದೆ. ಅಗ್ಗದ ಚೀಟಿಯಾದರೆ ಬೇರೆ ಕೊಳ್ಳಿ, ದುಬಾರಿಯದಾದರೆ ಚುಕ್ಕೆಯ ಸಮೇತ ಇಟ್ಟುಕೊಳ್ಳಿ.

ಗೋಂದು ಪುಟಕ್ಕೆ ಅಂಟಿಬಿಟ್ಟಿದ್ದರೆ ಕೆರೆಯಬೇಡಿ. ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಪುಟದ ಆ ತುಂಡು. ಎರಡು ಗಂಟೆಗೊಮ್ಮೆ ಚಿಮುಟದಿಂದ ಮೂಲೆ ಮುಟ್ಟಿ ನೋಡಿ, ಸಡಿಲಾದೊಡನೆ ಎತ್ತಿ. ರಾತ್ರಿಯಿಡೀ ಮರೆತರೆ ಡಬ್ಬಿಯೇ ಬೂಷ್ಟಿನ ತೊಟ್ಟಿಲು.

ಪುಟ ಕಟ್ಟುವುದು

ಹೊಸ ಚೀಟಿಗೆ ಪಾರದರ್ಶಕ ಮೌಂಟು (ಚೀಟಿ ತೂರಿಸುವ ಪುಟ್ಟ ಕವಚ), ಬಳಸಿದ್ದಕ್ಕೆ ಹಿಂಜು (ಗೋಂದು ಹಚ್ಚಿದ ಮಡಚುವ ಕಾಗದದ ತುಣುಕು). ಹಿಂಜನ್ನು ನಾಲಗೆಯಿಂದ ನೆಕ್ಕಿ ಅಂಟಿಸುವ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿ, ಮಳೆಗಾಲದಲ್ಲಿ ಆ ತೇವ ಆರುವುದೇ ಇಲ್ಲ. ಜೋಡಣೆ ದೇಶವಾರು ಬೇಡ, ಅಣಬೆಯ ಆಕಾರವಾರು ಇರಲಿ: ಗರಿಯವು, ತೂತಿನವು, ಚೆಂಡಿನಂಥವು, ಮರಕ್ಕೆ ಅಂಟುವವು, ನಾರುವವು. ಸ್ಪರ್ಧೆಗೆ ಹೋಗುವ ಮನಸ್ಸಿದ್ದರೆ ಒಂದು ಫ್ರೇಮಿಗೆ 16 ಹಾಳೆ. ಅಂತಾರಾಷ್ಟ್ರೀಯ ವಿಷಯಾಧಾರಿತ ವಿಭಾಗದಲ್ಲಿ 100 ಅಂಕದಲ್ಲಿ 35 ನಿರೂಪಣೆಗೆ, 30 ಜ್ಞಾನಕ್ಕೆ, 30 ಸ್ಥಿತಿ ಮತ್ತು ಅಪರೂಪಕ್ಕೆ, ಬರೀ 5 ಅಲಂಕಾರಕ್ಕೆ. ಹಾಗಾಗಿ ಬಣ್ಣದ ಅಂಚು ಬರೆಯುತ್ತ ಕೂರುವ ಸಮಯದಲ್ಲಿ ಒಂದು ಅಣಬೆ ಠಸ್ಸೆ, ಒಂದು ಅಂಚೆ ಕಾರ್ಡು, ಒಂದು ಓಡಾಡಿದ ಲಕೋಟೆ ಹುಡುಕಿ. ಮೊದಲ ಹಾಳೆಗೆ ಹುತ್ತದಣಬೆಯ ಚೀಟಿ ಹಾಕುವುದಾದರೆ ಅದರ ಕೆಳಗೆ ಬರೆಯುವ ಎರಡು ಸಾಲಿನಲ್ಲಿ ಗೆದ್ದಲಿಗೂ ಅಣಬೆಗೂ ಇರುವ ಕೊಡುಕೊಳೆಯನ್ನು ಹೇಳಿ. ಜ್ಞಾನದ ಅಂಕ ಸಿಗುವುದು ಅಂಥ ಸಾಲುಗಳಿಗೆ.